ತೊರಕೆ ಸೀಗಡಿ ತಿಂದ ಭಾನುವಾರ

ಬಂದು ವಾರ ದಾಟಿದ್ದರೂ ತೊರಕೆ (ಸ್ಟಿಂಗ್‌ರೇ, ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು) ಏನನ್ನೂ ಮುಟ್ಟಿರಲಿಲ್ಲ. ಕುವೆಂಪುನಗರದ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ, ಎಂಟಡಿ ಉದ್ದ ನಾಲ್ಕಡಿ ಅಗಲದ ತೊಟ್ಟಿಯ ಮರಳಿನಲ್ಲಿ ಹುದುಗಿ, ಕಣ್ಣೆರಡನ್ನು ಮಾತ್ರ ಹೊರಗಿಟ್ಟು ಮಲಗಿರುತ್ತಿತ್ತು. ಕಣ್ಣಿನ ಹಿಂದೆ ಎರಡು ರಂಧ್ರಗಳಿವೆ. ಬಾಯಿ, ಕಿವಿರು ಎರಡೂ ಹೊಟ್ಟೆಯ ಕಡೆಗಿರುವುದರಿಂದ, ಮರಳಲ್ಲಿ ಮಲಗಿದಾಗ ಉಸಿರಿಗೆ ಬೇಕಾದ ನೀರನ್ನು ಅದು ಈ ರಂಧ್ರಗಳಿಂದಲೇ ಎಳೆದುಕೊಳ್ಳುತ್ತದೆ. ಅವು ತೆರೆದು ಮುಚ್ಚುವುದನ್ನೇ ನೋಡುತ್ತಾ ನಾನು ಕೂತಿರುತ್ತಿದ್ದೆ.

ಇದು ಕೆರಿಬಿಯನ್ ಸಮುದ್ರದ ಕಡೆಯ ಹಳದಿ ತೊರಕೆ. ಪೂರ್ತಿ ಬೆಳೆದರೂ ಮೈಯ ಅಗಲ ಸುಮಾರು 35 ಸೆಂ.ಮೀ. ಉಪ್ಪುನೀರಿನ ತೊರಕೆಗಳಲ್ಲಿ ಮನೆಯಲ್ಲಿ ಸಾಕಬಹುದಾದವು ಬೆರಳೆಣಿಕೆಯಷ್ಟು, ಅವುಗಳಲ್ಲಿ ಇದೊಂದು. ಅಂಗಡಿಯವರು ಮೊದಲು ತೋರಿಸುವುದು ಹವಳದ ದಿಬ್ಬಗಳಲ್ಲಿರುವ ನೀಲಿ ಚುಕ್ಕೆಯ ತೊರಕೆಯನ್ನು. ಅದರ ಚೆಲುವಿಗೆ ಎಣೆಯಿಲ್ಲ, ನಿಜ. ಆದರೆ ಅವುಗಳಲ್ಲಿ ಬಹಳಷ್ಟು ತೊಟ್ಟಿಗೆ ಬಂದ ಮೇಲೆ ಉಣ್ಣದೆ ಸಾಯುತ್ತವೆ. ಅದನ್ನು ಸಮುದ್ರದಲ್ಲೇ ಬಿಡಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಮೈಸೂರಿನಲ್ಲಿ ಸಮುದ್ರದ ನೀರನ್ನು ನಾವೇ ಮಾಡಿಕೊಳ್ಳಬೇಕು. ನಲ್ಲಿಯ ಕಾವೇರಿ ನೀರನ್ನು ಶುದ್ಧೀಕರಿಸಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಮಿಶ್ರಣ ಕದಡಬೇಕು. ನಮ್ಮ ತೊಟ್ಟಿಯ 1,500 ಲೀಟರ್ ನೀರಿಗೆ 50 ಕೆ.ಜಿ.ಗೂ ಮೇಲೆ ಉಪ್ಪು ಹಿಡಿಯಿತು. ನೀರಿನ ತೂಕವೇ ಒಂದೂವರೆ ಟನ್ ಆದ್ದರಿಂದ ಮಹಡಿಯ ಮೇಲೆ ಇಡುವ ಯೋಚನೆಯನ್ನೇ ಮಾಡಲಿಲ್ಲ. ಏಪ್ರಿಲ್ ಬಿಸಿಲಿಗೆ ನೀರು ತಣಿಸುವ ಚಿಲ್ಲರ್, ಕರೆಂಟು ಹೋದಾಗ ಪಂಪಿಗೆ ಇನ್ವರ್ಟರ್. ತಾಮ್ರದ ಚೊಂಬು ಮಾತ್ರ ಆ ಕೋಣೆಗೆ ಬರಕೂಡದು. ಬೇರೆ ಮೀನುಗಳ ಕಾಯಿಲೆಗೆ ಹಾಕುವ ತಾಮ್ರದ ಔಷಧಿ ತೊರಕೆಗೆ ವಿಷ.

ಇಷ್ಟೆಲ್ಲ ಸರಿಯಿದ್ದರೂ ತಿನ್ನದ ತೊರಕೆಯನ್ನು ಉಳಿಸಿಕೊಳ್ಳಲಾಗುವುದಿಲ್ಲ. ಬಾಲದ ಬುಡದಲ್ಲಿ ಎರಡು ಮೃದು ಎಲುಬುಗಳು (ಮೃದ್ವಸ್ಥಿ) ಉಬ್ಬಿ ಕಾಣತೊಡಗಿದವು. ಹಸಿವಿನ ಲಕ್ಷಣವದು. ಇದಾದ ಮೇಲೆ ಮೈಯ ಅಂಚು ಮೇಲಕ್ಕೆ ಸುರುಳಿಯಾಗತೊಡಗಿದರೆ ಆಸೆ ಬಿಡಬೇಕು ಎನ್ನುತ್ತಾರೆ ಸಾಕಿದವರು. ಬೊಂಡಾಸದ (ಸ್ಕ್ವಿಡ್) ತುಂಡು, ಅಂಗಡಿಯ ಸೀಗಡಿ, ಮೀನಿನ ಚೂರು, ಎಲ್ಲವನ್ನೂ ಇಕ್ಕಳದಲ್ಲಿ ಹಿಡಿದು ಮುಂದೆ ಇಟ್ಟೆ. ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು. ನೀರು ಕೆಡುವ ಮೊದಲು ನಾನೇ ಎತ್ತಿ ಹಾಕುತ್ತಿದ್ದೆ.

ಅಲುಗಾಡುವುದನ್ನು ಕೊಟ್ಟು ನೋಡಬೇಕೆಂದು ಆ ಭಾನುವಾರ ಬೆಳಿಗ್ಗೆ ಮೀನಾಕ್ಷಿಪುರದ ಹಿನ್ನೀರಿಗೆ ಹೋಗಿ, ಬಲೆ ಎಳೆಯುತ್ತಿದ್ದವರಿಂದ ಜೀವಂತ ಸೀಗಡಿ ತಂದೆ. ಸಿಹಿನೀರಿನ ಸೀಗಡಿ ಉಪ್ಪುನೀರಿನಲ್ಲಿ ಹೆಚ್ಚು ಹೊತ್ತು ಬಾಳದು. ಆದರೆ ಒದ್ದಾಡುವ ಆ ಸ್ವಲ್ಪ ಹೊತ್ತೇ ನನಗೆ ಬೇಕಾಗಿತ್ತು. ಮಲ್ಪೆಯಿಂದ ಬಂದಿದ್ದ ಅತ್ತೆ ಬಾಗಿಲಲ್ಲೇ ನಿಂತು, "ಬಾಲದ ಹತ್ರ ಕೈ ಹಾಕ್ಬೇಡಿ ಮಾರಾಯ್ರೇ, ನಮ್ಮಲ್ಲಿ ದೋಣಿಯಲ್ಲೇ ಮೊದಲು ಬಾಲ ಕಡಿದು ಬಿಸಾಡ್ತಾರೆ" ಎಂದರು. ಅವರ ಅಣ್ಣನಿಗೆ ಒಮ್ಮೆ ಮುಳ್ಳು ಚುಚ್ಚಿ, ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟ ಮೇಲೆಯೇ ನೋವು ತಗ್ಗಿತ್ತಂತೆ. ಆ ವಿಷದ ನೋವಿಗೆ ಬಿಸಿನೀರು ಇವತ್ತಿಗೂ ಮೊದಲ ಚಿಕಿತ್ಸೆ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು.

ಒಂದು ಸೀಗಡಿ ಮರಳಿಗೆ ಇಳಿಯಿತು. ತೊರಕೆಯ ಕಣ್ಣು ಮೇಲಿರುವುದರಿಂದ ಬಾಯಿಯ ಬಳಿ ಬಂದದ್ದು ಅದಕ್ಕೆ ಕಾಣಿಸುವುದಿಲ್ಲ. ವಾಸನೆಯಿಂದಲೂ, ಬೇಟೆಯ ಮೈಯಿಂದ ಹೊಮ್ಮುವ ಸಣ್ಣ ವಿದ್ಯುತ್ತಿನಿಂದಲೂ ಪತ್ತೆ ಹಚ್ಚಬೇಕು. ಮರಳು ನಡುಗಿತು. ಅಂಚುಗಳು ಎದ್ದವು. ಇಡೀ ಮೈ ಒಂದು ಗೇಣು ಮುಂದೆ ಜಾರಿ, ಕಾವಲಿಯ ಮೇಲೆ ಮುಚ್ಚಳ ಇಟ್ಟ ಹಾಗೆ ಸೀಗಡಿಯ ಮೇಲೆ ಕವುಚಿಕೊಂಡಿತು. ಒಳಗೆ ಏನಾಗುತ್ತಿದೆ ಎಂಬುದು ಕಾಣದು. ಅದು ಪಕ್ಕಕ್ಕೆ ಸರಿದಾಗ ಅಲ್ಲಿ ಬರಿ ಮರಳು.

"ತಿಂತಲ್ಲಾ!" ಎಂದು ಅತ್ತೆ ಒಳಗೇ ಬಂದುಬಿಟ್ಟರು. ನನಗೆ ಗಂಟಲು ಕಟ್ಟಿತ್ತು.

ಜೀವಂತ ಸೀಗಡಿಯ ಜೊತೆಗೆ ಬೊಂಡಾಸದ ಚೂರು ಸೇರಿಸುತ್ತಾ ಸೇರಿಸುತ್ತಾ ಈಗ ಇಕ್ಕಳದಿಂದಲೇ ತಿನ್ನುತ್ತದೆ. ಬಾಲದ ಬುಡ ತುಂಬಿಕೊಂಡಿದೆ. ಮೊನ್ನೆ ಪಕ್ಕದ ಬೀದಿಯ ಹುಡುಗ ಬಂದು, "ಅಂಕಲ್, ನಮ್ಮನೇಲಿ ನಾಲ್ಕಡಿ ತೊಟ್ಟಿ ಇದೆ, ನಾನೂ ಒಂದು ತರ್ಲಾ?" ಎಂದ. ಅದರ ಅಗಲ ಕೇಳಿದೆ. ಒಂದೂವರೆ ಅಡಿ ಅಂದ. ಬೆಳೆದ ತೊರಕೆಗೆ ಅಲ್ಲಿ ತಿರುಗಲೂ ಜಾಗವಿಲ್ಲ, ಬೇಡ ಮರಿ ಎಂದೆ. ಈಗ ಊಟ ಕೊಡುವ ಹೊತ್ತಿಗೆ ಅವನೂ ಬಂದು ಕೂರುತ್ತಾನೆ.