ವಿಧವೆಯ ಎರಡು ಕಾಸು ಮತ್ತು ನಮ್ಮ ಕಮಿಟಿ

ಕಾಣಿಕೆಯ ಬಗ್ಗೆ ಪ್ರಸಂಗ ಮಾಡುವುದು ಯಾರಿಗೂ ಇಷ್ಟದ ಕೆಲಸವಲ್ಲ. ಕೇಳುವವರಿಗಂತೂ ಮೊದಲೇ ಇಷ್ಟವಿಲ್ಲ. ಆ ಭಾನುವಾರ ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಊರಲ್ಲಿರಲಿಲ್ಲ, ಹಾಗಾಗಿ ಅದು ನನ್ನ ತಲೆಗೆ ಬಂತು. ಖಜಾಂಚಿ ಅಣ್ಣ ಮೊದಲೇ ಫೋನ್ ಮಾಡಿ ವಾಕ್ಯಭಾಗವನ್ನೂ ತಾವೇ ಆರಿಸಿಕೊಟ್ಟರು. "ವಿಧವೆಯ ಎರಡು ಕಾಸು ತಗೊಳ್ಳಿ. ಈ ವರ್ಷ ಕಾಣಿಕೆ ಕಮ್ಮಿ. ಸ್ವಲ್ಪ ಒತ್ತಿ ಹೇಳಿ."

ಒತ್ತಿ ಹೇಳೋಕೆ ಅದಕ್ಕಿಂತ ಸುಲಭದ ಭಾಗ ಬೇರೆ ಸಿಗಲ್ಲ. ಅಷ್ಟು ಬಡವಳೇ ಇದ್ದದ್ದೆಲ್ಲ ಹಾಕಿದಳು, ನಿಮಗೇನು ಧಾಡಿ ಅಂತ ಕೇಳಿದರೆ ಸಾಕು, ಸಭೆಯೆಲ್ಲ ತಲೆ ತಗ್ಗಿಸುತ್ತದೆ. ಚಿಕ್ಕಂದಿನಿಂದ ನಾನು ಕೇಳುತ್ತಾ ಬಂದದ್ದೂ ಅದನ್ನೇ. ಕೇಳಿದಾಗೆಲ್ಲ ಜೇಬಲ್ಲಿ ಏನೂ ಇಲ್ಲದವರೇ ಜಾಸ್ತಿ ಕುಗ್ಗುವುದನ್ನೂ ನೋಡಿದ್ದೇನೆ.

ತಯಾರಿಗೆ ಕೂತಾಗ ಬೈಬಲಿನ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯವನ್ನು 41ನೇ ವಚನದಿಂದ ಶುರು ಮಾಡದೆ ಸ್ವಲ್ಪ ಮೇಲಿನಿಂದ ಓದಿದೆ. 40ನೇ ವಚನದಲ್ಲಿ ಯೇಸು ಸ್ವಾಮಿ ಯೆಹೂದ್ಯರ ಧರ್ಮಶಾಸ್ತ್ರ ಬೋಧಿಸುವ ಶಾಸ್ತ್ರಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾರೆ. ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗುವವರು ಇವರು ಅನ್ನುತ್ತಾರೆ. ಅದರ ಬೆನ್ನಿಗೇ ಕಾಣಿಕೆ ಪೆಟ್ಟಿಗೆಯ ಎದುರು ಕೂರುತ್ತಾರೆ, ಒಬ್ಬ ಬಡ ವಿಧವೆ ಬಂದು ಎರಡು ಕಾಸು ಹಾಕುತ್ತಾಳೆ. ಆಗಿನ ಲೆಕ್ಕದಲ್ಲಿ ಆ ಎರಡೂ ಸೇರಿದರೆ ಒಂದು ದಿನದ ಕೂಲಿಯ 64ರಲ್ಲಿ ಒಂದು ಪಾಲು. ಅಲ್ಲಿಗೆ ನಮ್ಮ ಪ್ರಸಂಗಗಳು ಮುಗಿಯುತ್ತವೆ, ಯಾಕೆಂದರೆ ಅಧ್ಯಾಯವೂ ಅಲ್ಲಿಗೇ ಮುಗಿಯುತ್ತದೆ. ಆದರೆ ಬೈಬಲ್‌ಗೆ ಈಗಿರುವ ಅಧ್ಯಾಯಗಳು ಬಂದದ್ದು 13ನೇ ಶತಮಾನದಲ್ಲಿ. ಮಾರ್ಕನು ಬರೆದಾಗ ಅಲ್ಲಿ ಗೆರೆ ಇರಲಿಲ್ಲ. ಮುಂದಿನ ಸಾಲಲ್ಲೇ ಒಬ್ಬ ಶಿಷ್ಯ ದೇವಾಲಯ ತೋರಿಸಿ, ಎಂಥಾ ಕಲ್ಲುಗಳು ನೋಡಿ ಗುರುವೇ ಅನ್ನುತ್ತಾನೆ. ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂತ ಉತ್ತರ ಬರುತ್ತದೆ. ಕ್ರಿ.ಶ. 70ರಲ್ಲಿ ರೋಮಿನವರು ಅದನ್ನು ಕೆಡವಿಯೂ ಬಿಟ್ಟರು.

ಇಷ್ಟನ್ನೂ ಒಟ್ಟಿಗೆ ಓದಿದರೆ ಕಣ್ಣು ವಿಧವೆಯಿಂದ ಪೆಟ್ಟಿಗೆ ಕಾಯುವವರ ಕಡೆ ತಿರುಗುತ್ತದೆ. ಧರ್ಮೋಪದೇಶಕಾಂಡ 14ರ ಪ್ರಕಾರ ಪ್ರತಿ ಮೂರನೇ ವರ್ಷದ ದಶಮ ಭಾಗ, ಅಂದರೆ ಬೆಳೆಯ ಹತ್ತನೇ ಒಂದು ಪಾಲು, ದೇವರ ಸೇವೆಯ ಲೇವಿ ಕುಲದವರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ ಸೇರಬೇಕು. ಅಂದರೆ ಆಕೆಯ ಹೆಸರು ಪಡೆಯುವವರ ಪಟ್ಟಿಯಲ್ಲಿರಬೇಕಿತ್ತು. ದಶಮಾಂಶ ಅಂದ ಕೂಡಲೇ ನಾವು ಮಲಾಕಿಯ 3:10 ತೆಗೆಯುತ್ತೇವೆ, ಉಗ್ರಾಣಕ್ಕೆ ತನ್ನಿ ಅಂತ. ಅದೇ ಅಧ್ಯಾಯದ 5ನೇ ವಚನ ಕೂಲಿಯವರನ್ನೂ ವಿಧವೆಯರನ್ನೂ ಹಿಂಸಿಸುವವರ ಮೇಲೆ ತೀರ್ಪು ಬರುತ್ತದೆ ಅನ್ನುತ್ತದೆ. ಕಾಣಿಕೆ ಪ್ರಸಂಗದಲ್ಲಿ ಅದನ್ನು ಓದಿದ್ದು ನಾನಂತೂ ಕೇಳಿಲ್ಲ.

ಭಾನುವಾರ ಇದನ್ನೇ ಹೇಳಿದೆ. ಕೊಡುವವರಷ್ಟೇ ಅಲ್ಲ, ತೆಗೆದುಕೊಂಡು ಇಟ್ಟುಕೊಳ್ಳುವವರೂ ದೇವರ ಮನೆವಾರ್ತೆಯವರೇ, ಅಂದರೆ ಯಜಮಾನನ ಆಸ್ತಿ ನೋಡಿಕೊಳ್ಳುವವರೇ, ಲೂಕ 16ರಲ್ಲಿ ಲೆಕ್ಕ ಒಪ್ಪಿಸು ಅಂತ ಯಜಮಾನ ಕೇಳುವುದು ಅಂಥವನನ್ನೇ ಅಂದೆ. ಖಜಾಂಚಿ ಅಣ್ಣ ಎರಡನೇ ಸಾಲಲ್ಲಿ ಕೂತು ಕನ್ನಡಕ ಒರೆಸುತ್ತಲೇ ಇದ್ದರು.

ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುವ ಕೋಣೆಗೆ ಹೋದೆ. ಎಣಿಸಲು ಯಾವಾಗಲೂ ಇಬ್ಬರಿರುತ್ತಾರೆ, ಒಬ್ಬರೇ ಕೂರುವಂತಿಲ್ಲ. ಅವತ್ತು ಅಣ್ಣನ ಜೊತೆ ಇದ್ದದ್ದು, ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಗಿರುವ ನಮ್ಮ ಸಭೆಯ ಒಬ್ಬ ಅಕ್ಕ. ಚೀಲ ಮಗುಚಿದರು. ದೊಡ್ಡ ನೋಟುಗಳು ನೀಟಾಗಿ ಲಕೋಟೆಯಲ್ಲಿ ಬರುತ್ತವೆ. ಸಣ್ಣ ನೋಟುಗಳು ಮಾತ್ರ ನಾಲ್ಕು, ಎಂಟು ಮಡಿಕೆಯಾಗಿ ಉಗುರಿನಷ್ಟಕ್ಕೆ ಇಳಿದಿರುತ್ತವೆ. ಅಕ್ಕ ಅಂಥದ್ದೊಂದನ್ನು ಬಿಡಿಸಿ, ಮೇಜಿನ ಮೇಲೆ ಹೆಬ್ಬೆರಳಿನಿಂದ ಉಜ್ಜಿ ನೇರ ಮಾಡಿದರು. "ಇದು ಯಾರದ್ದು ಅಂತ ನನಗೆ ಗೊತ್ತು. ಪ್ರತಿ ವಾರ ಹೀಗೇ ಮಡಚ್ತಾರೆ," ಅಂದರು. ಯಾರು ಅಂತ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದರು. "ಪ್ರಸಂಗ ಚೆನ್ನಾಗಿತ್ತು. ಆದರೆ ಆ ಹೆಂಗಸನ್ನ ಏನೂ ತಿಳಿಯದವಳ ಥರ ಮಾಡಿಬಿಟ್ರಿ ಅಲ್ವಾ? ಅವಳ ಹತ್ರ ಇದ್ದದ್ದು ಎರಡು ಕಾಸು. ಬೇಕಿದ್ದರೆ ಒಂದನ್ನ ಇಟ್ಟುಕೊಳ್ಳಬಹುದಿತ್ತು."

ನಾನು ಪೆಟ್ಟಿಗೆ ಕಾಯುವವರ ತಪ್ಪಿನ ಬಗ್ಗೆ ಏನೋ ಹೇಳಹೊರಟೆ. ಅವರು ಬಿಡಲಿಲ್ಲ. "ಅವರ ತಪ್ಪು ಅವರದ್ದು. ಅದಕ್ಕೆ ಅವಳ ಕೈ ಹಿಡಿಯೋದು ಯಾಕೆ? ನನಗೂ ಕೆಲವರು ಹೇಳ್ತಾರೆ, ನೀವು ಹಾಕೋದು ಬೇಡ ಬಿಡಿ, ನಿಮಗೇ ಕಷ್ಟ ಅಂತ. ಒಳ್ಳೆ ಮನಸ್ಸಿನಿಂದಲೇ ಹೇಳ್ತಾರೆ. ಆದರೆ ಅವತ್ತು ನಾನು ಸಭೆಯವಳಲ್ಲ, ಸುಮ್ನೆ ಯಾರೋ ಅನ್ನಿಸುತ್ತೆ."

ಈ ಮಾತಿಗೆ ಪೌಲನ ಪತ್ರದಲ್ಲೂ ಆಧಾರವಿದೆ. 2 ಕೊರಿಂಥ 8ರಲ್ಲಿ ಮಕೆದೋನ್ಯದ ಸಭೆಗಳ ವಿಷಯ ಬರುತ್ತದೆ. ಕಡುಬಡವರು. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಎತ್ತುತ್ತಿದ್ದ ಹಣಕ್ಕೆ ನಾವೂ ಕೊಡುತ್ತೇವೆ, ಅವಕಾಶ ಮಾಡಿಕೊಡಿ ಅಂತ ಅವರೇ ಬೇಡಿಕೊಂಡರಂತೆ. ಪೌಲನು ಬೇಡ ಅನ್ನಲಿಲ್ಲ. ಆದರೆ ಅದೇ ಅಧ್ಯಾಯದ 20ನೇ ವಚನಕ್ಕೆ ಬಂದರೆ, ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಎಚ್ಚರ ವಹಿಸುತ್ತಿದ್ದಾನೆ. ಹಣದ ಜೊತೆ ಹೋಗಲು ಸಭೆಗಳೇ ಆರಿಸಿದ ಒಬ್ಬ ಸಹೋದರನಿದ್ದಾನೆ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅನ್ನುವುದು ಅವನ ಮಾತು. ಬಡವರು ಕೊಡಲಿ, ಲೆಕ್ಕ ಎಲ್ಲರಿಗೂ ಕಾಣಲಿ. ಎರಡೂ ಒಂದೇ ಪತ್ರದಲ್ಲಿವೆ.

ಖಜಾಂಚಿ ಅಣ್ಣ ಅಷ್ಟೊತ್ತು ನಾಣ್ಯ ಜೋಡಿಸುತ್ತಿದ್ದರು. ವಿಮೋಚನಕಾಂಡ 36ನ್ನು ನಾನು ಬೇಕೆಂದೇ ತೆಗೆದೆ. ಆರಾಧನೆಗೆಂದು ಕಟ್ಟುತ್ತಿದ್ದ ದೇವದರ್ಶನ ಗುಡಾರಕ್ಕೆ ಜನ ತಂದದ್ದು ಜಾಸ್ತಿಯಾಗಿ, ಇನ್ನು ತರಬೇಡಿ ಅಂತ ಮೋಶೆ ಪಾಳೆಯದಲ್ಲೆಲ್ಲ ಸಾರಿಸಿದ ಕಥೆ. "ಅದನ್ನ ಮಾತ್ರ ಪ್ರಸಂಗದಲ್ಲಿ ಹೇಳಬೇಡಿ ಮಾರಾಯ್ರೆ," ಅಂತ ನಕ್ಕರು. ನಗು ನಿಂತ ಮೇಲೆ ಅವರೇ ಮಾತು ಮುಂದುವರಿಸಿದರು. ಜನ ಎಷ್ಟು ಕೊಟ್ಟರು ಅಂತ ಪ್ರತಿ ವಾರ ಓದುತ್ತೇವೆ, ಅದು ಎಲ್ಲಿಗೆ ಹೋಯಿತು ಅಂತ ವರ್ಷಕ್ಕೊಮ್ಮೆ ಓದುತ್ತೇವೆ, ಅದೂ ಗಡಿಬಿಡಿಯಲ್ಲಿ ಅಂದರು. ರಿಜಿಸ್ಟರ್‌ಗೆ ಇಬ್ಬರೂ ಸಹಿ ಹಾಕಿದರು.

ಅಯ್ಯನವರು ವಾಪಸ್ ಬಂದ ಮೇಲೆ ನನ್ನ ಟಿಪ್ಪಣಿ ಕೇಳಿದರು. ಅಕ್ಕ ಹೇಳಿದ್ದನ್ನೂ ಮಕೆದೋನ್ಯದವರನ್ನೂ ಸೇರಿಸಿಯೇ ಕೊಟ್ಟೆ. ಅವರು ಪೂರ್ತಿ ಓದಿ, "ಮುಂದಿನ ವರ್ಷ ಇದನ್ನ ಮೊದಲು ಕಮಿಟಿ ಮೀಟಿಂಗಲ್ಲಿ ಹೇಳೋಣ. ಸಭೆಗೆ ಆಮೇಲೆ," ಅಂದರು.