ಜಾರ್ಜ್ ಕ್ಯಾಮ್‌ಸೆಲ್: 37 ಪಂದ್ಯ, 59 ಗೋಲು

1927-28ರಲ್ಲಿ ಎವರ್ಟನ್‌ನ ಡಿಕ್ಸಿ ಡೀನ್ ಹೊಡೆದ 60 ಲೀಗ್ ಗೋಲು ಇಂಗ್ಲಿಷ್ ಫುಟ್ಬಾಲ್ ಚರಿತ್ರೆ ಓದಿದವರಿಗೆಲ್ಲ ಗೊತ್ತು. ಅದರ ಹಿಂದಿನ ವರ್ಷವಷ್ಟೇ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್‌ಸೆಲ್ 59 ಹೊಡೆದಿದ್ದ. ಡೀನ್ ಆಡಿದ್ದು 39 ಪಂದ್ಯ, ಕ್ಯಾಮ್‌ಸೆಲ್ 37. ಡೀನ್ ಆಡಿದ್ದು ಮೊದಲ ಡಿವಿಜನ್‌ನಲ್ಲಿ, ಈತ ಎರಡನೆಯದರಲ್ಲಿ, ನಿಜ. ಹಾಗಂತ ಒಂದೇ ಒಂದು ಗೋಲಿನ ಅಂತರಕ್ಕೆ ಇಷ್ಟೊಂದು ಮರೆವು ನ್ಯಾಯವಲ್ಲ.

ಕ್ಯಾಮ್‌ಸೆಲ್ ಡರ್ಹಮ್ ಸೀಮೆಯ ಕಲ್ಲಿದ್ದಲು ಗಣಿಯಿಂದ ಬಂದವನು. ಮೂರನೇ ಡಿವಿಜನ್‌ನ ಡರ್ಹಮ್ ಸಿಟಿಯಿಂದ 1925ರಲ್ಲಿ ಮಿಡಲ್ಸ್‌ಬರೋ ಅವನನ್ನು ಕೊಂಡಿತು. 1926-27 ಶುರುವಾದಾಗ ತಂಡದ ಸೆಂಟರ್ ಫಾರ್ವರ್ಡ್ (ದಾಳಿಯ ನಡುವೆ ನಿಂತು ಗೋಲು ಹೊಡೆಯುವವ) ಅವನಲ್ಲ, ಜಿಮ್ಮಿ ಮೆಕ್‌ಕ್ಲೆಲಂಡ್. ಮೆಕ್‌ಕ್ಲೆಲಂಡ್ ಆಡಲಾಗದೆ ಹೋದದ್ದರಿಂದ ಸಿಕ್ಕ ಜಾಗವನ್ನು ಕ್ಯಾಮ್‌ಸೆಲ್ ಮತ್ತೆ ಬಿಟ್ಟುಕೊಡಲಿಲ್ಲ.

ಈ ಗೋಲುಗಳಿಗೆ ಹಿನ್ನೆಲೆ 1925ರ ಆಫ್‌ಸೈಡ್ ನಿಯಮ. ಅದಕ್ಕೂ ಮೊದಲು, ಚೆಂಡು ತಳ್ಳುವ ಹೊತ್ತಿಗೆ ದಾಳಿಗಾರನಿಗೂ ಗೋಲ್ ಗೆರೆಗೂ ನಡುವೆ ಮೂವರು ಎದುರಾಳಿಗಳಿರಬೇಕಿತ್ತು; ಇಲ್ಲದಿದ್ದರೆ ಅದು ಆಫ್‌ಸೈಡ್ ಎಂಬ ತಪ್ಪು. ಒಬ್ಬ ಬ್ಯಾಕ್ (ರಕ್ಷಣೆಯ ಆಟಗಾರ) ಮುಂದೆ ನುಗ್ಗಿ ದಾಳಿಗಾರನನ್ನು ಆಫ್‌ಸೈಡ್‌ಗೆ ಸಿಕ್ಕಿಸುವ ಬಲೆ ಹಾಕಿದರೆ, ಲೆಕ್ಕ ತಪ್ಪಿದರೂ ಹಿಂದೆ ಇನ್ನೊಬ್ಬ ಬ್ಯಾಕ್ ಇರುತ್ತಿದ್ದ. ಮೂವರ ಬದಲು ಇಬ್ಬರು ಸಾಕೆಂದಾದ ಮೇಲೆ, ಬಲೆ ತಪ್ಪಿತೆಂದರೆ ಎದುರಿಗೆ ಉಳಿಯುವವನು ಗೋಲ್‌ಕೀಪರ್ ಒಬ್ಬನೇ. ಮೊದಲ ಡಿವಿಜನ್‌ನಲ್ಲಿ 1924-25ರಲ್ಲಿ 1192 ಗೋಲು ಬಿದ್ದಿದ್ದರೆ, ಮರುವರ್ಷ 1703. ಮೈದಾನದ ನಡುವೆ ಆಡುವ ಸೆಂಟರ್ ಹಾಫ್‌ನನ್ನು ಹಿಂದಕ್ಕೆಳೆದು ಮೂರನೇ ಬ್ಯಾಕ್ ಮಾಡುವ ಉಪಾಯ ಎಲ್ಲ ತಂಡಗಳಿಗೂ ಒಮ್ಮೆಲೇ ರೂಢಿಯಾಗಲಿಲ್ಲ. ಹಾಗಾಗಿ ಬ್ಯಾಕ್‌ಗಳ ನಡುವೆ ಉಳಿದ ಖಾಲಿ ಜಾಗಕ್ಕೆ ಓಡಿ ನುಗ್ಗುವ ವೇಗ ಕ್ಯಾಮ್‌ಸೆಲ್‌ಗಿತ್ತು. ಬಲ ಅಂಚಿನಿಂದ ಬಿಲ್ಲಿ ಪೀಸ್, ಎಡದಿಂದ ಓವನ್ ವಿಲಿಯಮ್ಸ್ ಚೆಂಡು ಒದಗಿಸುತ್ತಿದ್ದರು. ಆ ವರ್ಷ ಮಿಡಲ್ಸ್‌ಬರೋ ಹೊಡೆದದ್ದು 122 ಗೋಲು. ಆದರೆ ನಿಯಮ ಸಡಿಲವಾದದ್ದು ಎಲ್ಲರಿಗೂ. ಆ ಋತುವಿನಲ್ಲಿ ಲೀಗ್‌ನಲ್ಲಿ 59 ಹೊಡೆದವನು ಇವನೊಬ್ಬನೇ.

ಆ ಋತುವಿನಲ್ಲಿ ಒಂದು ಪಂದ್ಯ ನೋಡಲೇಬೇಕಾದದ್ದು: 1926ರ ಕ್ರಿಸ್‌ಮಸ್ ದಿನ, ಮ್ಯಾಂಚೆಸ್ಟರ್ ಸಿಟಿಯ ಮೇನ್ ರೋಡ್ ಮೈದಾನ. ಮಿಡಲ್ಸ್‌ಬರೋ 5-3ರಿಂದ ಗೆದ್ದಿತು, ಐದೂ ಕ್ಯಾಮ್‌ಸೆಲ್‌ನವೇ. ಋತು ಮುಗಿದಾಗ ಮಿಡಲ್ಸ್‌ಬರೋ 62 ಅಂಕಗಳೊಂದಿಗೆ ಚಾಂಪಿಯನ್. ಮೊದಲ ಡಿವಿಜನ್‌ಗೆ ಬಡ್ತಿ ಕೊಡುವ ಎರಡನೇ ಸ್ಥಾನಕ್ಕೆ ಪೋರ್ಟ್ಸ್‌ಮತ್, ಸಿಟಿ ಎರಡೂ 54ರಲ್ಲಿ ಸಮ. ಆಗ ನೋಡುತ್ತಿದ್ದದ್ದು ಗೋಲುಗಳ ವ್ಯತ್ಯಾಸವನ್ನಲ್ಲ, ಹೊಡೆದದ್ದನ್ನು ಬಿಟ್ಟುಕೊಟ್ಟದ್ದರಿಂದ ಭಾಗಿಸಿದ ಸರಾಸರಿಯನ್ನು. ಪೋರ್ಟ್ಸ್‌ಮತ್ 87ಕ್ಕೆ 49, ಅಂದರೆ 1.7755. ಸಿಟಿ 108ಕ್ಕೆ 61, ಅಂದರೆ 1.7705. ಸಿಟಿ 61ರ ಬದಲು 60 ಬಿಟ್ಟುಕೊಟ್ಟಿದ್ದರೆ 1.8 ಆಗುತ್ತಿತ್ತು. ಕ್ಯಾಮ್‌ಸೆಲ್‌ನ ಆ ಐದರಲ್ಲಿ ಒಂದನ್ನು ತಡೆದಿದ್ದರೂ ಸಿಟಿಗೆ ಬಡ್ತಿ ಸಿಗುತ್ತಿತ್ತು!

ಇಂಗ್ಲೆಂಡ್ ಪರ ಆಡಿದ್ದು ಒಂಬತ್ತೇ ಪಂದ್ಯ, ಹೊಡೆದದ್ದು 18 ಗೋಲು, ಒಂದು ಪಂದ್ಯದಲ್ಲೂ ಬರಿಗೈಯಲ್ಲಿ ಮರಳಲಿಲ್ಲ. 1929ರ ಮೇ ತಿಂಗಳಲ್ಲಿ ಫ್ರಾನ್ಸ್ ವಿರುದ್ಧ ಎರಡು, ಎರಡು ದಿನ ಬಿಟ್ಟು ಬೆಲ್ಜಿಯಂ ವಿರುದ್ಧ ನಾಲ್ಕು. ಅದೇ ವರ್ಷ ಐರ್ಲೆಂಡ್ ವಿರುದ್ಧ ಎರಡು, ವೇಲ್ಸ್ ವಿರುದ್ಧ ಮೂರು. ನಾಲ್ಕು ಪಂದ್ಯಕ್ಕೆ 11 ಗೋಲು ಹೊಡೆದವನನ್ನು ಮತ್ತೆ ಕರೆದದ್ದು 1933ರ ಡಿಸೆಂಬರ್‌ನಲ್ಲಿ, ಫ್ರಾನ್ಸ್ ವಿರುದ್ಧವೇ. ಆಗಲೂ ಎರಡು ಹೊಡೆದ. ತಂಡ ಆರಿಸುತ್ತಿದ್ದದ್ದು ಸಮಿತಿ; ಡೀನ್‌ನಂಥವನು ಪೈಪೋಟಿಗಿದ್ದ ಎಂದು ಒಪ್ಪಿಕೊಂಡರೂ ಆ ನಾಲ್ಕು ವರ್ಷಗಳ ಅಂತರಕ್ಕೆ ಸಮರ್ಥನೆ ಸಾಲದು. ಕೊನೆಯ ಎರಡು ಪಂದ್ಯ, 1936ರಲ್ಲಿ ಆಸ್ಟ್ರಿಯಾ ಮತ್ತು ಬೆಲ್ಜಿಯಂ ವಿರುದ್ಧ, ಇಂಗ್ಲೆಂಡ್ ಸೋತಿತು. ಎರಡರಲ್ಲೂ ಅವನ ಗೋಲಿದೆ.

ಮಿಡಲ್ಸ್‌ಬರೋ ಪರ ಅವನ ಒಟ್ಟು ಲೆಕ್ಕ 453 ಪಂದ್ಯಗಳಲ್ಲಿ 345 ಗೋಲು, ಕ್ಲಬ್‌ನ ದಾಖಲೆ. ಕೆಲವು ಕಡೆ 325 ಎಂದು ಕಂಡರೆ ಅದು ತಪ್ಪಲ್ಲ: 418 ಲೀಗ್ ಪಂದ್ಯಗಳನ್ನು ಮಾತ್ರ ಹಿಡಿದ ಲೆಕ್ಕವದು, ಉಳಿದ 20 ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್‌ನವು.