ಗೋಡೆಯಲ್ಲಿ ಉಂಟಲ್ಲ!

“ಸರ್ಟಿಫಿಕೇಟ್ ಗೋಡೆಯಲ್ಲಿ ಉಂಟಲ್ಲ ಸರ್!” ಎಂದು ಉಡುಪಿಯ ಗೊಬ್ಬರದ ಅಂಗಡಿಯವರು ಬಿಲ್ ಪುಸ್ತಕದಿಂದ ತಲೆಯೆತ್ತದೆ ಹೇಳಿದ ಮಾತು ಈ ವಾರವಿಡೀ ನನ್ನ ಕಿವಿಯಲ್ಲೇ ಉಳಿದುಬಿಟ್ಟಿದೆ. ಹಿಂದಿನ ದಿನ ಅವರಲ್ಲಿಂದ ತಂದ ಹತ್ತು ಚೀಲ ನಗರ ಕಾಂಪೋಸ್ಟ್, ಅಂದರೆ ಪೇಟೆಯ ಕಸ ಕಳಿಸಿ ಮಾಡಿದ ಗೊಬ್ಬರ, ಪರೀಕ್ಷೆಯಾದದ್ದು ಹೌದೇ ಎಂದಷ್ಟೇ ನಾನು ಕೇಳಿದ್ದೆ.

ಮಳೆ ಹಿಂದೆಗೆದ ಮೇಲೆ ಶಂಕರಪುರದ ನಮ್ಮ ಮಲ್ಲಿಗೆ ಗಿಡಗಳಿಗೆ ಗೊಬ್ಬರ ಕೊಡುವುದು ವಾಡಿಕೆ. ದನಗಳಿದ್ದ ಕಾಲದಲ್ಲಿ ಸೊಪ್ಪು ಹಾಸಿ ತುಳಿಸಿದ ಹಟ್ಟಿಗೊಬ್ಬರವೇ ಸಾಕಾಗುತ್ತಿತ್ತು. ಈಗ ಹಟ್ಟಿಯಲ್ಲಿ ಸ್ಕೂಟರ್ ನಿಲ್ಲುತ್ತದೆ. ಭಾನುವಾರ ಮೊದಲ ಚೀಲದ ಬಾಯಿ ಬಿಚ್ಚಿದೊಡನೆ ಅಮೋನಿಯದ ಘಾಟು ಮೂಗಿಗೆ ಹೊಡೆಯಿತು. ಎಂಬತ್ತು ದಾಟಿದ ದೊಡ್ಡಮ್ಮ ಮೊಣಕೈವರೆಗೆ ಕೈ ತೂರಿಸಿ, ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು, “ಬಿಸಿ ಉಂಟು. ಇದು ಕಳಿಯಲಿಲ್ಲ ಮಾರಾಯ” ಎಂದರು. ಕೈ ಹೊರತೆಗೆದಾಗ ಬೆರಳ ಸಂದಿಯಲ್ಲಿ ಒಡೆದ ಬಳೆಯ ಚೂರೊಂದು ಸಿಕ್ಕಿಕೊಂಡಿತ್ತು.

ಮರುದಿನ ಅಂಗಡಿಗೆ ಹೋಗಿ ಗೋಡೆ ನೋಡಿದೆ. ಚೌಕಟ್ಟು ಹಾಕಿಸಿ, ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದ ಆ ಕಾಗದ ತಯಾರಕ ಕಂಪನಿಯ ಐಎಸ್‌ಒ 9001 ಪ್ರಮಾಣಪತ್ರವಾಗಿತ್ತು. ಅದು ಕಂಪನಿಯು ತನ್ನ ಕೆಲಸವನ್ನು ಒಂದು ಕ್ರಮದಲ್ಲಿ ನಡೆಸುತ್ತದೆ ಎಂದು ಹೇಳುವ ಪತ್ರವೇ ಹೊರತು ಚೀಲದೊಳಗಿನ ಗೊಬ್ಬರದ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಇದನ್ನು ವಿವರಿಸಿದಾಗ ಅಂಗಡಿಯವರು ಸಿಟ್ಟಾಗಲಿಲ್ಲ, ನಿಜವಾಗಿಯೂ ಬೆರಗಾದರು. ಅವರು ಮೋಸಗಾರರಲ್ಲ. ಕೊಂಡವರಷ್ಟೇ ಗಾಢವಾಗಿ ಮಾರುವವರೂ ಆ ಚೌಕಟ್ಟನ್ನು ನಂಬಿದ್ದರು ಎಂಬುದೇ ನನ್ನನ್ನು ಹೆಚ್ಚು ಕಂಗೆಡಿಸಿದ್ದು.

ಅವರೇ ಫೋನ್ ಮಾಡಿ ವಾಟ್ಸಾಪಿನಲ್ಲಿ ಪ್ರಯೋಗಾಲಯದ ವರದಿಯನ್ನೂ ತರಿಸಿಕೊಟ್ಟರು. ಸಾರಜನಕ, ರಂಜಕ, ಪೊಟ್ಯಾಷ್, ರಸಸಾರ (ಪಿಎಚ್) ಎಲ್ಲವೂ ಸರಿಯಾಗಿದ್ದವು. ದಿನಾಂಕ ಹದಿನಾಲ್ಕು ತಿಂಗಳು ಹಿಂದಿನದು. ಹಾಳೆಯ ಬುಡದಲ್ಲಿ, ಕನ್ನಡಕ ತೆಗೆದು ಕಣ್ಣಿನ ಹತ್ತಿರ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರಗಳಲ್ಲಿ, ಈ ಫಲಿತಾಂಶವು ನಮಗೆ ಒದಗಿಸಲಾದ ಮಾದರಿಗೆ ಮಾತ್ರ ಅನ್ವಯಿಸುತ್ತದೆ ಎಂಬರ್ಥದ ಸಾಲೊಂದಿತ್ತು. ಪ್ರಯೋಗಾಲಯ ಸುಳ್ಳು ಹೇಳಿಲ್ಲ. ಮಾದರಿಯನ್ನು ಆರಿಸಿ ಕಳುಹಿಸಿದವರು ಗೊಬ್ಬರ ಮಾಡಿದವರೇ. ಅವರು ತಮ್ಮ ರಾಶಿಯ ಯಾವ ಮೂಲೆಯಿಂದ ಹಿಡಿ ತುಂಬಿಕೊಂಡಿರಬಹುದು ಎಂಬುದನ್ನು ಊಹಿಸಲು ದೊಡ್ಡ ಬುದ್ಧಿ ಬೇಕಿಲ್ಲ.

ಇದಕ್ಕೆ ಕಾನೂನಿಲ್ಲವೆಂದಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ 2006ರಲ್ಲಿ ಸಾವಯವ ಗೊಬ್ಬರಗಳನ್ನೂ ತರಲಾಯಿತು. ಅದರಂತೆ ನಗರ ಕಾಂಪೋಸ್ಟಿನ ತೇವಾಂಶ ಶೇ. 15ರಿಂದ 25ರೊಳಗಿರಬೇಕು, ದುರ್ವಾಸನೆ ಇರಬಾರದು, ಕನಿಷ್ಠ ಶೇ. 90 ಭಾಗ 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು, ವಿಷಲೋಹಗಳಾದ ಸೀಸ ಕಿಲೋಗೆ 100 ಮಿಲಿಗ್ರಾಂ ಹಾಗೂ ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ತೇವಾಂಶದ ಮಿತಿ ಕೇವಲ ಶಾಸ್ತ್ರಕ್ಕಿಟ್ಟದ್ದಲ್ಲ: 50 ಕಿಲೋ ಚೀಲದಲ್ಲಿ ಶೇ. 25 ಎಂದರೆ ಹನ್ನೆರಡೂವರೆ ಕಿಲೋ ನೀರು, ಅದು ಶೇ. 40ಕ್ಕೇರಿದರೆ ನಾವು ಗೊಬ್ಬರದ ದರ ತೆತ್ತು 20 ಕಿಲೋ ನೀರನ್ನು ಮನೆಗೆ ಹೊತ್ತಂತೆ, ಅದೂ ಮಳೆ ನೀರಿಗೆ ಬರವಿಲ್ಲದ ಈ ಊರಿನಲ್ಲಿ. ನನಗೆ ಸಿಕ್ಕ ವರದಿಯಲ್ಲಿ ತೇವಾಂಶವಾಗಲಿ, ಸೀಸವಾಗಲಿ, ರೋಗಾಣುಗಳಾಗಲಿ ಇರಲೇ ಇಲ್ಲ.

ಗೊಬ್ಬರ ಕಳಿತಿದೆಯೇ ಎಂದು ತಿಳಿಯಲು, ಇಂಗಾಲ ಮತ್ತು ಸಾರಜನಕದ ಅನುಪಾತ 20ಕ್ಕಿಂತ ಕಡಿಮೆ ಇರಬೇಕೆಂಬ ನಿಯಮವೂ ಉಂಟು. ಆದರೆ ಹಸಿ ಕೋಳಿಗೊಬ್ಬರದ ಅನುಪಾತ ಕಳಿಯುವ ಮೊದಲೇ ಅದಕ್ಕಿಂತ ಕೆಳಗಿರುತ್ತದೆ. ಹಾಗೆಂದು ಅದನ್ನು ಯಾರೂ ಗಿಡದ ಬುಡಕ್ಕೆ ಸುರಿಯುವುದಿಲ್ಲ. ಸಾರಜನಕ ಅಮೋನಿಯ ರೂಪದಲ್ಲಿ ಉಳಿದಿದ್ದರೆ ಕಾಗದದ ಮೇಲೆ ಅಂಕಿ ಚೆನ್ನಾಗಿ ಕಾಣುತ್ತದೆ, ಮಣ್ಣಿನಲ್ಲಿ ಎಳೆ ಬೇರು ಸುಡುತ್ತದೆ. ದೊಡ್ಡಮ್ಮನ ಕೈಗೆ ತಿಳಿದದ್ದು ಇದೇ. ಆದರೆ ಆ ಕೈಗೆ ಸೀಸ ತಿಳಿಯುವುದಿಲ್ಲ, ಕ್ಯಾಡ್ಮಿಯಂ ತಿಳಿಯುವುದಿಲ್ಲ. ಮೊದಲು ಹಟ್ಟಿಗೊಬ್ಬರದಲ್ಲಿ ಅವುಗಳ ಭಯವೂ ಇರಲಿಲ್ಲ. ಬ್ಯಾಟರಿ, ಬಣ್ಣದ ಡಬ್ಬಿ, ಬಳೆ ಎಲ್ಲವೂ ಬೆರೆತ ಪೇಟೆಯ ಕಸ ಗೊಬ್ಬರವಾಗಿ ತೋಟಕ್ಕೆ ಬರುವಾಗ ಪ್ರಯೋಗಾಲಯವಿಲ್ಲದೆ ಗತಿಯಿಲ್ಲ. 2019ರ ಮಳೆಗಾಲದಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು ಮಂದಾರದ ತೋಟಗಳನ್ನು ಮುಚ್ಚಿದ್ದನ್ನು ಕಂಡ ಕರಾವಳಿಯವರಿಗೆ ಕಸ ಗೊಬ್ಬರವಾಗುವುದರಲ್ಲಿ ತಕರಾರಿರಲಾರದು, ನನಗಂತೂ ಇಲ್ಲ. ತಕರಾರಿರುವುದು ಅರ್ಧ ದಾರಿಯಲ್ಲೇ ಚೀಲದ ಬಾಯಿ ಹೊಲಿಯುವುದರ ಬಗ್ಗೆ.

ಸೋಮವಾರ ಸಂಜೆಯೇ ಎರಡು ತೆಂಗಿನ ಗೆರಟೆಗಳಲ್ಲಿ ಹತ್ತು ಹತ್ತು ಹೆಸರುಕಾಳು ಬಿತ್ತಿದೆ, ಒಂದರಲ್ಲಿ ನಮ್ಮ ಅಂಗಳದ ಮಣ್ಣು, ಇನ್ನೊಂದರಲ್ಲಿ ಆ ಕಾಂಪೋಸ್ಟ್. ಶುಕ್ರವಾರಕ್ಕೆ ಮಣ್ಣಿನಲ್ಲಿ ಒಂಬತ್ತು ಮೊಳಕೆ ಎದ್ದಿದ್ದವು. ಕಾಂಪೋಸ್ಟಿನಲ್ಲಿ ಎರಡು, ಅವುಗಳ ತುದಿಯೂ ಕಂದಿತ್ತು. ಎರಡೂ ಗೆರಟೆಗಳನ್ನು ಅಂಗಡಿಗೆ ಒಯ್ದು ಮೇಜಿನ ಮೇಲಿಟ್ಟೆ.

“ಬೀಜ ಹಳತಿರಬಹುದು ಸರ್.”

“ಎರಡಕ್ಕೂ ಒಂದೇ ಡಬ್ಬಿಯ ಬೀಜ.”

ಅವರು ಬಹಳ ಹೊತ್ತು ನೋಡಿ, ಬಾಯಿ ಬಿಚ್ಚದ ಒಂಬತ್ತು ಚೀಲಗಳನ್ನು ವಾಪಸು ತೆಗೆದುಕೊಂಡು ಹಣ ಕೊಡುವುದಾಗಿ ಒಪ್ಪಿದರು. ಸಜ್ಜನಿಕೆಯ ಮಾತೇ. ಆದರೆ ವಾಪಸಾದ ಚೀಲಗಳು ಹೋಗುವುದೆಲ್ಲಿಗೆ ಎಂದು ಕೇಳಿದಾಗ ಅವರ ಕಣ್ಣು ಒಂದು ಕ್ಷಣ ಗೋಡೆಯ ಕಡೆ ಹೊರಳಿತು. ಆ ಚೌಕಟ್ಟನ್ನೇ ನೋಡಿ ಕಟಪಾಡಿಯ ಕಡೆಯ ಇನ್ನೊಬ್ಬರು ಯಾರೋ ಅವನ್ನು ತಮ್ಮ ಮಲ್ಲಿಗೆ ಗಿಡಗಳಿಗೆ ಕೊಂಡೊಯ್ಯುತ್ತಾರೆ.

ಚೀಲಗಳನ್ನು ನಾನು ಹಿಂದಿರುಗಿಸಲಿಲ್ಲ. ಕಂಪನಿಯವರು ಬಂದು ನೋಡಲೆಂದು ಒಂದನ್ನು ಬಿಚ್ಚದೆ ತೆಗೆದಿಟ್ಟು, ಉಳಿದವನ್ನು ಹಟ್ಟಿಯ ಮೂಲೆಯಲ್ಲಿ ರಾಶಿ ಹಾಕಿ ತರಗೆಲೆ ಮುಚ್ಚಿದ್ದೇನೆ. ಸ್ಕೂಟರ್ ಅಂಗಳಕ್ಕೆ ಬಂದಿದೆ. ಇಂದು ಬೆಳಿಗ್ಗೆ ದೊಡ್ಡಮ್ಮ ಕಾಫಿ ಲೋಟ ಕೆಳಗಿಟ್ಟು ರಾಶಿಯೊಳಗೆ ಕೈ ತೂರಿಸಿದರು, ಏನೂ ಹೇಳದೆ ಕೈ ತೊಳೆಯಲು ಹೋದರು.